ಕೆಳದನಿಯ ಹುಡುಗಿಯರ ಚರಣ

ಕೊನೆಗೆ ಎಲ್ಲ ಒಳ್ಳೆಯದೇ ಆಯಿತಲ್ಲ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಈಗಲೂ ಹೇಳುತ್ತಾರೆ. ಹಾಗೆ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಏನೂ ಒಳ್ಳೆಯದಾಗಲಿಲ್ಲ. ಜ್ಯೋತಿ ಈಗ ನಮ್ಮ ಶಾಲೆಯಲ್ಲಿಲ್ಲ. ಅವಳು ತನ್ನ ಬಗ್ಗೆ ತಾನು ಹೇಳಿಕೊಳ್ಳುವವಳಲ್ಲ, ಸಿಟ್ಟು ಬಂದರೆ ಹಲ್ಲು ಕಚ್ಚಿ ಕೂರುವ ಸ್ವಭಾವ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದ್ದರಿಂದ ಅವಳ ಪಾಲಿನದನ್ನೂ ಸೇರಿಸಿ ನಾನೇ ಹೇಳಿಬಿಡುತ್ತೇನೆ.

ನಾನು ಸರಸ. ಚೆನ್ನೈನ ಪೆರುಂಗುಡಿಯ ಐಟಿ ಕಚೇರಿಗಳ ಹಿಂದಿನ ಬೀದಿಯಲ್ಲಿರುವ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಊರು ಉಡುಪಿಯ ಕಡೆ. ಜ್ಯೋತಿ ಅಲ್ಲೇ ಕ್ವಾಯರ್ ಟೀಚರಾಗಿದ್ದಳು, ಅಂದರೆ ಮಕ್ಕಳನ್ನು ಗುಂಪಾಗಿ ನಿಲ್ಲಿಸಿ, ಬೇರೆ ಬೇರೆ ದನಿಗೆ ಬೇರೆ ಬೇರೆ ಸ್ವರಸಾಲು ಕೊಟ್ಟು, ಎಲ್ಲ ಕೂಡಿ ಒಂದೇ ಹಾಡಾಗುವಂತೆ ಹಾಡಿಸುವವಳು. ಇಡೀ ಶಾಲೆಯಲ್ಲಿ ಕನ್ನಡ ಮಾತಾಡುವ ಟೀಚರುಗಳು ನಾವಿಬ್ಬರೇ. ಅವಳದು ತಿಪಟೂರಿನ ಕನ್ನಡ, ನನ್ನದು ಕರಾವಳಿಯದು. ಇಬ್ಬರ ಮಾತಿನಲ್ಲೂ ತಮಿಳು ಎಷ್ಟು ಬೆರೆತಿದೆಯೆಂದರೆ, ಊರಿನಿಂದ ಬಂದ ನೆಂಟರು ಮುಖ ಮುಖ ನೋಡಿಕೊಳ್ಳುತ್ತಾರೆ.

ಜ್ಯೋತಿಯ ತಂದೆ ದೊಡ್ಡಬಸಪ್ಪನವರು ತಿಪಟೂರಿನಿಂದ ಕೊಬ್ಬರಿ ತರಿಸಿ ಪಲ್ಲಾವರಂನಲ್ಲಿ ಸಗಟು ವ್ಯಾಪಾರ ಮಾಡುತ್ತಿದ್ದವರು. ಮನೆಯಲ್ಲಿ ಬೆಳಗ್ಗೆ ಇಷ್ಟಲಿಂಗ ಪೂಜೆ, ಮಗಳು ಓದಿದ್ದು ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರ್ ಒಬ್ಬರು ಜ್ಯೋತಿಯ ದನಿ ಕೇಳಿ ಆಲ್ಟೋ ಸಾಲಿನಲ್ಲಿ ನಿಲ್ಲಿಸಿದರು. ಆಲ್ಟೋ ಎಂದರೆ ಹುಡುಗಿಯರಲ್ಲಿ ಕೆಳದನಿಯವರು. ಹಾಡಿನ ಮುಖ್ಯ ಧಾಟಿ ಬಹುತೇಕ ಮೇಲುದನಿಯವರಿಗೆ ಹೋಗುತ್ತದೆ. ಕೆಳದನಿಯವರು ಅದರ ಅಡಿಯಲ್ಲಿ ಬೇರೆ ಸ್ವರಗಳನ್ನು ಹಿಡಿದು ನಿಲ್ಲುತ್ತಾರೆ. ಅವರಿಲ್ಲದಿದ್ದರೆ ಹಾಡು ತೆಳ್ಳಗಾಗುತ್ತದೆ, ಅವರಷ್ಟೇ ಹಾಡಿದರೆ ಯಾವ ಹಾಡೆಂದೇ ಗೊತ್ತಾಗುವುದಿಲ್ಲ.

ಇದು ದೊಡ್ಡಬಸಪ್ಪನವರಿಗೆ ಹೇಗೆ ಗೊತ್ತಿರಬೇಕು? ಮಗಳು ಶಾಲೆಯಲ್ಲಿ ಹಾಡುತ್ತಾಳೆಂದು ಅವರಿಗೆ ಬಹಳ ಹೆಮ್ಮೆ. ಒಂದು ದಿನ ತಿಪಟೂರಿನ ನೆಂಟರು ಮನೆ ತುಂಬ ಬಂದಿದ್ದಾಗ, ಕಾಫಿ ಲೋಟ ಕೈಗೆ ಬರುವ ಮೊದಲೇ, ಹಾಡವ್ವ ಎಂದು ಅವಳನ್ನು ನಡುಮನೆಯಲ್ಲಿ ನಿಲ್ಲಿಸಿದರು. ಅವಳಿಗೆ ಬರುತ್ತಿದ್ದದ್ದು ಅವಳ ಸಾಲು ಮಾತ್ರ. ಅದನ್ನೇ ಹಾಡಿದಳು. ನೆಂಟರು ಸ್ವಲ್ಪ ಹೊತ್ತು ಕಾದರು, ಧಾಟಿ ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು. ಬರಲಿಲ್ಲ. ಅವಳ ಸೋದರತ್ತೆ ಬಾಯಿಗೆ ಸೆರಗು ಹಿಡಿದುಕೊಂಡು, ‘ಇದೇನವ್ವ, ಹಾಡ್ತಿದ್ದೀಯೋ ಮಗ್ಗಿ ಒಪ್ಪಿಸ್ತಿದ್ದೀಯೋ?’ ಎಂದು ಕೇಳಿದಳಂತೆ. ಮನೆಯೆಲ್ಲ ನಕ್ಕಿತು.

ಜ್ಯೋತಿ ಇದನ್ನು ನನಗೆ ಹೇಳಿದ್ದು ಒಂದೇ ಸಲ, ಶಾಲೆಯ ಬಸ್ಸಿನಲ್ಲಿ. ‘ಅವತ್ತಿಂದ ಒಬ್ಬಳೇ ಹಾಡೋದು ಬಿಟ್ಟೆ ಅಕ್ಕಾ. ನಮ್ಮಪ್ಪನ ಮುಖ ನೋಡಕ್ಕಾಗ್ಲಿಲ್ಲ. ಪಾವಂ, ಅವ್ರು ಮಗಳು ಫೇಲಾದ್ಲು ಅನ್ಕೊಂಡ್ರು,’ ಎಂದಳು. ನನಗೆ ಆ ಸೋದರತ್ತೆಯ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆ ಹೆಂಗಸನ್ನು ನಾನು ನೋಡಿದವಳೇ ಅಲ್ಲ.

ಟೀಚರಾದ ಮೇಲೆ ಜ್ಯೋತಿ ಮಾಡಿದ ಕೆಲಸವೆಂದರೆ ಕೆಳದನಿಯ ಹುಡುಗಿಯರನ್ನು ಹುಡುಕುವುದು. ಮೇಲುದನಿಯವರನ್ನು ಹುಡುಕಬೇಕಾಗಿಯೇ ಇಲ್ಲ, ಅವರ ಅಮ್ಮಂದಿರೇ ಕರೆದುಕೊಂಡು ಬಂದು ಮುಂದೆ ನಿಲ್ಲಿಸುತ್ತಾರೆ. ದಪ್ಪ ದನಿಯ ಹುಡುಗಿಯರು ಬರುವುದಿಲ್ಲ. ಮೆಲ್ಲಗೆ ಮಾತಾಡು, ಗಂಡಸರ ಹಾಗೆ ಕೂಗಬೇಡ ಎಂದು ಚಿಕ್ಕಂದಿನಿಂದ ಬೈಸಿಕೊಂಡು ಬಾಯಿ ಕಟ್ಟಿಕೊಂಡಿರುತ್ತಾರೆ. ಜ್ಯೋತಿ ಊಟದ ಬಿಡುವಿನಲ್ಲಿ ವರಾಂಡದಲ್ಲಿ ನಿಂತು ಜಗಳ ಕೇಳುತ್ತಿದ್ದಳು. ಜಗಳದಲ್ಲಿ ಯಾರ ದನಿ ಎದೆಯಿಂದ ಬರುತ್ತದೋ ಅವಳ ತೋಳು ಹಿಡಿದು ಮ್ಯೂಸಿಕ್ ರೂಮಿಗೆ ಕರೆದುಕೊಂಡು ಹೋಗುವಳು.

ಪ್ರಣಮ್ಯಾ ಸಿಕ್ಕಿದ್ದು ಹಾಗೆಯೇ. ಎಂಟನೆಯ ತರಗತಿಯ ಹುಡುಗಿ. ವಾಟರ್ ಬಾಟಲಿಗಾಗಿ ಯಾರ ಜೊತೆಗೋ ಕಿತ್ತಾಡುತ್ತಿದ್ದಳು. ಅವಳ ಅಜ್ಜ ಮೋನಪ್ಪಣ್ಣ ಗಿಂಡಿಯ ಮೆಟ್ರೋ ಸ್ಟೇಷನ್ನಿನ ಹತ್ತಿರ ಒಂದು ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಪುತ್ತೂರಿನ ಕಡೆಯಿಂದ ಎಳೆಯ ಪ್ರಾಯದಲ್ಲಿ ಬಂದು, ಟೇಬಲ್ ಒರೆಸಿ, ಹಿಟ್ಟು ರುಬ್ಬಿ, ಸಪ್ಲೈ ಮಾಡಿ, ಈಗ ಸ್ವಂತ ಹೋಟೆಲಿನ ಕ್ಯಾಶಿನಲ್ಲಿ ಕೂತವರು. ಮೊಮ್ಮಗಳು ಸಂಜೆ ಅಡುಗೆಮನೆಯ ಪಕ್ಕದ ಟೇಬಲಿನಲ್ಲಿ ಹೋಂವರ್ಕ್ ಮಾಡುತ್ತಾಳೆ. ಅವರು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಅದರಲ್ಲಿ ಯಾವ ತೊಂದರೆಯೂ ಇಲ್ಲ.

ಹೀಗೆ ಜ್ಯೋತಿ ಆರು ಕೆಳದನಿಗಳನ್ನು ಕೂಡಿಸಿದ ವರ್ಷವೇ ಪೋಲೆಂಡಿನ ಹಾಡುಗಳು ಬಂದವು. ನಮ್ಮ ಶಾಲೆಯ ಪಕ್ಕದ ಕಟ್ಟಡದಲ್ಲಿ ಪೋಲೆಂಡಿನ ಒಂದು ಕಂಪನಿಯ ಕಚೇರಿಯಿದೆ. ಅಲ್ಲಿನ ಮ್ಯಾನೇಜರರ ಹೆಂಡತಿ, ಎತ್ತರದ, ಬಿಸಿಲಿಗೆ ಸದಾ ಕೆಂಪಾಗಿರುವ ಹೆಂಗಸು, ಒಂದು ದಿನ ಮಕ್ಕಳ ಹಾಡು ಕೇಳಿ ಒಳಗೆ ಬಂದಳು. ಮುಂದಿನ ವಾರ ಜ್ಯೋತಿಗೆ ಒಂದು ಪುಸ್ತಕ ತಂದುಕೊಟ್ಟಳು. ಅವರ ದೇಶದಲ್ಲಿ ಅಜ್ಜಿಯರ ಕಾಲದಿಂದ ಎಲ್ಲರೂ ಹಾಡುತ್ತ ಬಂದ ಹಾಡುಗಳು. ಈಗಿನ ಸಂಗೀತಗಾರರು ಅವನ್ನು ಎಳೆಯ ದನಿಗಳಿಗೆಂದು ಹೊಸದಾಗಿ ಎಳೆ ಎಳೆಯಾಗಿ ಹೆಣೆದಿದ್ದರು. ಕೆಲವು ತಿಂಗಳಲ್ಲಿ ಅವರ ದೇಶದಿಂದ ಅತಿಥಿಗಳು ಬರುವವರಿದ್ದರು, ಮಕ್ಕಳು ಒಂದು ಹಾಡು ಹಾಡಿದರೆ ಚೆನ್ನ ಎಂದು ಅವಳ ಆಸೆ.

ಜ್ಯೋತಿ ಪುಸ್ತಕವನ್ನೆಲ್ಲ ಹಾಡಿಕೊಂಡು ನೋಡಿ ಒಂದನ್ನು ಆರಿಸಿದಳು. ಹೊಳೆಯಲ್ಲಿ ಬಟ್ಟೆ ಒಗೆಯುವ ಹುಡುಗಿಯ ಹಾಡು. ಮರದ ದಿಮ್ಮಿಗಳ ತೆಪ್ಪದಲ್ಲಿ ಹೋದ ಅಣ್ಣ ಇನ್ನೂ ಬಂದಿಲ್ಲ, ಎಲ್ಲಿದ್ದಾನೆ ಹೇಳು ಎಂದು ಮೊದಲ ಎರಡು ಚರಣಗಳಲ್ಲಿ ಹುಡುಗಿ ಹೊಳೆಯನ್ನು ಕೇಳುತ್ತಾಳೆ. ಮೂರನೆಯ ಚರಣ ಹೊಳೆಯ ಉತ್ತರ. ಹಳೆಯ ಕ್ರಮದಲ್ಲಿ ಮೂರನ್ನೂ ಎಲ್ಲರೂ ಒಂದೇ ಧಾಟಿಯಲ್ಲಿ ಹಾಡುತ್ತಿದ್ದರಂತೆ. ಈ ಹೊಸ ಹೆಣಿಗೆಯಲ್ಲಿ ಮೊದಲ ಎರಡು ಚರಣಗಳ ಧಾಟಿ ಮೇಲುದನಿಯವರದು. ಕೆಳದನಿಯವರು ಅಡಿಯಲ್ಲಿ ಮೂರೇ ಸ್ವರಗಳ ನಡುವೆ ನೀರಿನ ಹಾಗೆ ತೂಗಾಡುತ್ತಿರುತ್ತಾರೆ. ಮೂರನೆಯ ಚರಣಕ್ಕೆ ಬಂದಾಗ ಮೇಲುದನಿಯವರು ಬಾಯಿ ಮುಚ್ಚಿ ಬರಿಯ ಗುಂಯ್‌ಗುಡುತ್ತ ನಿಲ್ಲುತ್ತಾರೆ, ಧಾಟಿ ಕೆಳಗಿಳಿದು ಕೆಳದನಿಯವರ ಕೈಗೆ ಬರುತ್ತದೆ. ಹೊಳೆ ಮಾತಾಡುತ್ತದೆ.

‘ಯಾರೋ ಪುಣ್ಯಾತ್ಗಿತ್ತಿ ಬರ್ದಿದಾಳೆ ನೋಡಿ ಅಕ್ಕಾ,’ ಎಂದು ಜ್ಯೋತಿ ಆ ಪುಟವನ್ನು ನನ್ನ ಮುಖಕ್ಕೇ ಹಿಡಿದಳು. ‘ಹೊಳೆ ಕೆಳಗಿರತ್ತೆ ತಾನೇ? ಅದು ಕೆಳಗಿನ ದನೀಲೇ ಮಾತಾಡ್ಬೇಕು. ಇಷ್ಟು ವರ್ಷದಲ್ಲಿ ನಮ್ಗೇಂತ ಒಂದು ಚರಣ ನಾನು ನೋಡಿದ್ದು ಇದೇ ಮೊದ್ಲು.’

ನನಗೆ ಆ ಪುಟದಲ್ಲಿ ಕಂಡದ್ದು ಇರುವೆ ಹರಿದ ಹಾಗೆ ಚುಕ್ಕಿಗಳು ಮಾತ್ರ. ಆದರೆ ‘ನಮ್ಗೇಂತ’ ಎಂದದ್ದು ಕಿವಿಗೆ ಬಿತ್ತು.

ಅಭ್ಯಾಸ ನಾನು ಕಿಟಕಿಯಿಂದ ಎಷ್ಟೋ ಸಲ ನೋಡಿದೆ. ಆ ಭಾಷೆಯ ಮಾತು ಹುಡುಗಿಯರ ಬಾಯಲ್ಲಿ ನಿಲ್ಲದೆ ಜಾರುತ್ತಿತ್ತು. ಪೋಲೆಂಡಿನ ಹೆಂಗಸು ಎದುರು ಕೂತು ತುಟಿ ತೋರಿಸುವಳು. ಮೇಲುದನಿಯವರು ಎರಡು ಚರಣಗಳ ಮಾತು ಕಲಿತರು, ಮೂರನೆಯದನ್ನು ಕೆಳದನಿಯವರಷ್ಟೇ ಕಲಿತರು. ಕ್ವಾಯರಿನಲ್ಲಿ ಕೆಲಸ ಹಾಗೆಯೇ, ಅವರವರ ಸಾಲು ಅವರವರಿಗೆ. ಪ್ರಣಮ್ಯಾ ಮೊದಲ ಸಲ ಆ ಚರಣವನ್ನು ಪೂರ್ತಿ ಹಾಡಿದ ದಿನ ಆ ಹೆಂಗಸು ಎದ್ದು ಕಿಟಕಿಯ ಹತ್ತಿರ ಬಂದು ಮೂಗು ಒರೆಸಿಕೊಂಡಳು.

ಕೆಟ್ಟದ್ದು ಶುರುವಾದದ್ದು ಮೊಬೈಲಿನಿಂದ. ಮನೆಯಲ್ಲಿ ಅಭ್ಯಾಸ ಮಾಡಲೆಂದು ಜ್ಯೋತಿ ಒಂದೊಂದು ದನಿಯ ಸಾಲನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ವಾಟ್ಸಪ್ಪಿನಲ್ಲಿ ಕಳಿಸಿದಳು. ಹಾಗೆ ಕಳಿಸದೆ ಬೇರೆ ದಾರಿಯಿಲ್ಲ. ಮೇಲುದನಿಯವರ ಮನೆಗಳಲ್ಲಿ ಚಂದದ ಹಾಡು ಕೇಳಿಸಿತು. ಕೆಳದನಿಯವರ ಮನೆಗಳಲ್ಲಿ ಮೊದಲಿಗೆ ಕೇಳಿಸಿದ್ದು ಮೂರು ಸ್ವರ. ಮೇಲೆ ಕೆಳಗೆ, ಮೇಲೆ ಕೆಳಗೆ. ಮೂರನೆಯ ಚರಣದವರೆಗೆ ಕೇಳುವ ತಾಳ್ಮೆ ಯಾರಿಗಿದೆ? ಇಡೀ ಹಾಡಿನ ರೆಕಾರ್ಡಿಂಗನ್ನೂ ಅವಳು ಕಳಿಸಿದ್ದಳು, ಆದರೆ ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಕೆಳದನಿ ಬರುವುದೇ ಇಲ್ಲ. ಬಂದು ಕೇಳಿ ಎಂದು ಅಪ್ಪ ಅಮ್ಮಂದಿರನ್ನು ಕರೆಯೋಣವೆಂದರೆ, ಶಾಲೆಯ ಸಮಯದಲ್ಲಿ ಅವರು ಗೇಟಿನ ಒಳಗೆ ಬರುವ ಹಾಗಿಲ್ಲ ಎಂದು ಆಫೀಸಿನವರು ಹೇಳಿದರು.

ಕಾರ್ಯಕ್ರಮದ ಹಿಂದಿನ ಭಾನುವಾರ ನಾನು ಗಿಂಡಿಗೆ ಹೋದವಳು ಮೋನಪ್ಪಣ್ಣನ ಹೋಟೆಲಿಗೆ ನುಗ್ಗಿದೆ. ಅವರು ಕ್ಯಾಶಿನಿಂದ ಎದ್ದು ಬಂದು ನನ್ನೆದುರು ಕೂತರು. ಮುಖ ಗಂಟಾಗಿತ್ತು.

‘ಟೀಚರೇ, ನಿಮ್ಮ ಜ್ಯೋತಿ ಟೀಚರಿಗೆ ನಮ್ಮ ಹುಡುಗಿಯ ಮೇಲೆ ಎಂತ ಸಿಟ್ಟು?’ ಎಂದು ಕೇಳಿದರು.

‘ಎಂತದು ಮೋನಪ್ಪಣ್ಣ?’

‘ನಿನ್ನೆ ಒಬ್ರು ಗಿರಾಕಿ ದೋಸೆ ತಿಂತಾ ಅವರ ಮಗಳ ಹಾಡು ಮೊಬೈಲಲ್ಲಿ ಹಾಕಿದ್ರು. ಅದೇ ಶಾಲೆ, ಅದೇ ಹಾಡು. ಎಂಥಾ ಚಂದ ಉಂಟು ಗೊತ್ತುಂಟಾ? ಇವಳು ಇಲ್ಲಿ ದಿನಾ ಗ್ರೈಂಡರಿನ ಹತ್ರ ಕೂತು ಊಂ ಆಂ ಊಂ ಆಂ ಅಂತ ಇರ್ತಾಳೆ. ಅವರಿಗೆ ಹಾಡು, ಇವಳಿಗೆ ಎಂತ, ಗ್ರೈಂಡರಿನ ಸದ್ದಾ?’

ನಾನು ನನಗೆ ತಿಳಿದ ಹಾಗೆ ಬಿಡಿಸಿ ಹೇಳಿದೆ. ಯಕ್ಷಗಾನದಲ್ಲಿ ಬರೀ ಚೆಂಡೆ ಕೇಳಿದರೆ ಆಟ ತಿಳಿಯುತ್ತದಾ, ಭಾಗವತರ ಜೊತೆ ಸೇರಿದರೆ ತಾನೇ ಎಂದೆ. ಮೂರನೆಯ ಚರಣ ಇವಳದೇ, ಕಾದು ನೋಡಿ ಎಂದೆ.

‘ಚೆಂಡೆಯವರಿಗೆ ರಂಗಸ್ಥಳದಲ್ಲಿ ಜಾಗ ಉಂಟು, ಹೆಸರು ಉಂಟು,’ ಎಂದರು ಮೋನಪ್ಪಣ್ಣ. ‘ನೋಡಿ ಟೀಚರೇ, ನಾವು ಹೋಟೆಲಿನವರು. ನಾನು ಜೀವನ ಇಡೀ ಹಿಂದೆ ನಿಂತವ. ಮುಂದೆ ಕೂತವರು ಉಂಡು ಎದ್ದು ಹೋಗ್ತಾರೆ, ಒಳಗೆ ಬೇಯಿಸಿದವ ಯಾರು ಅಂತ ಕೇಳಿದವರಿಲ್ಲ. ಇವಳಾದ್ರೂ ಮುಂದೆ ನಿಲ್ಲಲಿ. ನಾವು ಆರು ಮನೆಯವರು ಸೇರಿ ನಾಳೆ ನಿಮ್ಮ ಕರೆಸ್ಪಾಂಡೆಂಟರ ಹತ್ರ ಹೋಗ್ತೇವೆ. ಹಾಡು ಕೊಟ್ರೆ ಕೊಡ್ಲಿ, ಇಲ್ಲದಿದ್ರೆ ನಮ್ಮ ಮಕ್ಕಳನ್ನು ಬಿಡ್ಲಿ.’

ಹೋಗಬೇಡಿ ಎಂದೆ. ಬೇಡಿಕೊಂಡೆ. ಅವರು ಕೇಳಲಿಲ್ಲ. ಸಿಟ್ಟಿನಲ್ಲಿ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಂದೆ. ಪ್ರಣಮ್ಯಾ ಮೂಲೆಯ ಟೇಬಲಿನಿಂದ ತಲೆ ಎತ್ತಿ ನಮ್ಮನ್ನು ನೋಡುತ್ತಿದ್ದಳು.

ಕರೆಸ್ಪಾಂಡೆಂಟ್ ಎಂದರೆ ಇಲ್ಲಿನ ಖಾಸಗಿ ಶಾಲೆಗಳಲ್ಲಿ ಮಾಲೀಕ, ಯಜಮಾನ, ಎಲ್ಲ. ನಮ್ಮವರು ಸದಾ ಬಿಳಿ ಶರ್ಟು, ಸದಾ ನಗು. ಮಕ್ಕಳು ಕಲಿಯುವುದಕ್ಕಿಂತ ಪ್ರೋಗ್ರಾಂ ಚೆನ್ನಾಗಿ ಆಗುವುದು ಅವರಿಗೆ ಮುಖ್ಯ. ಆರು ಮನೆಯವರು ಹೋಗಿ ಕೊಟ್ಟದ್ದು ಎರಡು ದಾರಿ, ಅವರು ಸುಲಭದ್ದನ್ನು ಹಿಡಿದುಕೊಂಡರು. ಕಾರ್ಯಕ್ರಮದ ಹಿಂದಿನ ದಿನ, ಶುಕ್ರವಾರ, ಜ್ಯೋತಿಯನ್ನು ಕರೆಸಿದರು. ನಾನೂ ಬರುತ್ತೇನೆ ಎಂದು ಅವಳ ಹಿಂದೆಯೇ ಹೋದೆ.

ಕೆಳದನಿಯವರ ಸಾಲನ್ನು ಅವರು ಮೊಬೈಲಿನಲ್ಲಿ ಹಾಕಿ ಮೇಜಿನ ಮೇಲಿಟ್ಟರು. ‘ಟ್ಯೂನ್ ಎಂಗೆ ಮೇಡಂ?’ ಎಂದು ಕೇಳಿದರು. ಧಾಟಿ ಎಲ್ಲಿದೆ ಎಂದು.

‘ಮೂಣಾವದು ಚರಣತ್ತಿಲೆ ಸಾರ್,’ ಎಂದಳು ಜ್ಯೋತಿ. ಮೂರನೆಯ ಚರಣದಲ್ಲಿ ಬರುತ್ತದೆ, ಕೇಳಿ ಎಂದು ಕೈ ಚಾಚಿದಳು. ಅವರು ಮೊಬೈಲ್ ಆರಿಸಿ ಜೇಬಿಗೆ ಹಾಕಿಕೊಂಡರು. ಆ ಆರು ಹುಡುಗಿಯರು ಬೇಡ, ಅವರ ಮನೆಯವರೇ ಬೇಡವೆಂದಿದ್ದಾರೆ, ಮೇಲುದನಿಯವರಷ್ಟೇ ಹಾಡಲಿ ಎಂದರು. ಮೂರನೆಯ ಚರಣದ ಮಾತೇ ಅವರಿಗೆ ಬರುವುದಿಲ್ಲ ಸಾರ್, ಅಲ್ಲಿ ಅವರು ಬರಿಯ ಗುಂಯ್‌ಗುಡುವುದು ಮಾತ್ರ ಎಂದು ಜ್ಯೋತಿ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ, ಕೊನೆಗೆ ಕೈಸನ್ನೆಯಲ್ಲಿ ಹೇಳಿದಳು.

‘ಹಮ್ಮಿಂಗ್ ಕೂಡ ನಲ್ಲಾದಾನೇ ಇರುಕ್ಕು,’ ಎಂದರು ಅವರು ನಗುತ್ತ. ಗುಂಯ್‌ಗುಡುವುದೂ ಚೆನ್ನಾಗಿಯೇ ಇದೆಯಂತೆ!

ಹಾಗಾದರೆ ನಾನು ಅವರೆದುರು ನಿಂತು ಹಾಡಿಸುವುದಿಲ್ಲ ಎಂದಳು ಜ್ಯೋತಿ. ಬೇಡ, ಡಾನ್ಸ್ ಟೀಚರ್ ನಿಂತು ಎಣಿಕೆ ಹಾಕುತ್ತಾರೆ, ಪಿಯಾನೋ ಹೇಗೂ ಲ್ಯಾಪ್‌ಟಾಪಿನಲ್ಲಿ ಇದೆ ಎಂದರು. ಆ ಆರು ಮಕ್ಕಳಿಗೆ ಬೇಸರವಾಗಬಾರದಲ್ಲ, ರೇಷ್ಮೆ ಲಂಗ ಉಡಿಸಿ ಬಾಗಿಲಲ್ಲಿ ನಿಲ್ಲಿಸಿ, ಬಂದವರಿಗೆ ಪನ್ನೀರು ಚಿಮುಕಿಸಿ ಗಂಧ ಕಲ್ಲುಸಕ್ಕರೆ ಕೊಡಲಿ ಎಂದರು. ಎಷ್ಟು ಸಲೀಸಾಗಿ ಹೇಳಿದರು! ನನ್ನ ಬಾಯಿಗೆ ಏನೇನೋ ಬಂತು. ಜ್ಯೋತಿ ನನ್ನ ಮೊಣಕೈ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಬಸ್ಸಿನಲ್ಲಿ ಅವಳು ಅತ್ತಳು. ದುಃಖದ ಅಳುವಲ್ಲ ಅದು, ಸಿಟ್ಟಿನದು. ಕಣ್ಣು ಒರೆಸಿಕೊಂಡಷ್ಟೂ ಸಿಟ್ಟು ಹೆಚ್ಚುತ್ತಿತ್ತು.

‘ಆ ಹುಡುಗೀರಿಗೆ ಏನಂತ ಹೇಳ್ಲಿ ಅಕ್ಕಾ? ಮೂಲೆಮೂಲೇಲಿ ಬಾಯ್ ಮುಚ್ಕೊಂಡಿದ್ದವರನ್ನ ಹುಡುಕಿ ಹುಡುಕಿ ಬಾಯ್ ಬಿಡಿಸಿದೆ. ಈಗ ನಾನೇ ಹೋಗಿ ಮುಚ್ಚು ಅನ್ಬೇಕು. ನಂಗೇನಾದ್ರೂ ಆಗ್ಲಿ, ಅವ್ರು ಒಂದೇ ಒಂದ್ಸಲ ಸ್ಟೇಜ್ ಮೇಲೆ ಆ ಚರಣ ಹಾಡ್ಬೇಕಿತ್ತು. ಅಷ್ಟೇ. ಬೇರೇನೂ ಕೇಳ್ಲಿಲ್ಲ ನಾನು.’

ನಾನು ಕರೆಸ್ಪಾಂಡೆಂಟರಿಗೆ ಕನ್ನಡದಲ್ಲಿ ಗಟ್ಟಿಯಾಗಿ ಬೈದೆ. ಬಸ್ಸಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ, ನನಗೂ ಸಮಾಧಾನವಾಗಲಿಲ್ಲ.

ಶನಿವಾರ ಮಧ್ಯಾಹ್ನ ಸಭಾಂಗಣದ ಬಾಗಿಲಲ್ಲಿ ಆ ಆರು ಮಂದಿ ಎರಡು ಸಾಲಾಗಿ ನಿಂತಿದ್ದರು. ಪ್ರಣಮ್ಯಾಳ ಕೈಯಲ್ಲಿ ಬೆಳ್ಳಿಯ ಪನ್ನೀರುದಾನಿ, ತಲೆಯಲ್ಲಿ ಮೊಳ ಮಲ್ಲಿಗೆ. ಯಾರ ಮುಖದಲ್ಲೂ ಕಳೆಯಿರಲಿಲ್ಲ. ಜ್ಯೋತಿಯನ್ನು ಕಂಡ ಕೂಡಲೇ, ‘ಮಿಸ್, ನಾಂಗ ಪಾಡ ಮಾಟ್ಟೋಮಾ?’ ಎಂದು ಕೇಳಿದಳು. ನಾವು ಹಾಡುವುದಿಲ್ಲವಾ ಎಂದು. ಜ್ಯೋತಿ ಅವಳ ಕೆನ್ನೆ ಮುಟ್ಟಿ, ಒಳಗೆ ಬಂದು ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಕೂತಳು. ಬಾಗಿಲು ನಮ್ಮ ಬೆನ್ನ ಹಿಂದೆಯೇ ಇತ್ತು.

ಅತಿಥಿಗಳು ಹತ್ತು ಹನ್ನೆರಡು ಮಂದಿ. ಹೆಚ್ಚಿನವರು ವಯಸ್ಸಾದವರು. ಹಣೆಗೆ ಗಂಧ ಹಚ್ಚಿಸಿಕೊಂಡು ಮಕ್ಕಳ ಹಾಗೆ ಖುಷಿಪಟ್ಟು ಮುಂದಿನ ಸಾಲಿನಲ್ಲಿ ಕೂತರು. ಭರತನಾಟ್ಯ ಆಯಿತು, ಭಾಷಣ ಆಯಿತು, ಮತ್ತೊಂದು ಭಾಷಣ ಆಯಿತು. ಆಮೇಲೆ ಮೇಲುದನಿಯ ಹುಡುಗಿಯರು ಬಂದು ನಿಂತರು. ಕೆಳದನಿಯವರು ನಿಲ್ಲಬೇಕಾಗಿದ್ದ ಬಲಬದಿಯಲ್ಲಿ ಯಾರೋ ಒಂದು ಹೂಕುಂಡ ಇಟ್ಟಿದ್ದರು.

ಲ್ಯಾಪ್‌ಟಾಪಿನ ಪಿಯಾನೋ ಶುರುವಾಯಿತು. ಡಾನ್ಸ್ ಟೀಚರು ಪರದೆಯ ಮರೆಯಿಂದ ಬೆರಳು ಮಡಿಸಿದಳು. ಮೊದಲ ಚರಣ. ಮಕ್ಕಳು ಚೆನ್ನಾಗಿಯೇ ಹಾಡಿದರು, ಅವರದೇನು ತಪ್ಪು? ಮುಂದಿನ ಸಾಲಿನಲ್ಲಿ ಬಿಳಿಕೂದಲಿನ ಒಬ್ಬ ಮುದುಕಿ ಪಕ್ಕದವಳ ಕೈ ಹಿಡಿದುಕೊಂಡಳು, ತನ್ನ ಮನೆಯ ಹಾಡನ್ನು ಇಷ್ಟು ದೂರದಲ್ಲಿ ಕೇಳಿದ ಬೆರಗು. ಎರಡನೆಯ ಚರಣ. ಹುಡುಗಿ ಮತ್ತೆ ಹೊಳೆಯನ್ನು ಕೇಳಿದಳು.

ಮೂರನೆಯ ಚರಣದಲ್ಲಿ ಮಕ್ಕಳು ಕಲಿತ ಹಾಗೆ ಬಾಯಿ ಮುಚ್ಚಿಕೊಂಡರು. ಬರಿಯ ಗುಂಯ್. ಕೆಳಗೆ ಏನೂ ಇಲ್ಲದೆ ಆ ಸದ್ದು ಮಾತ್ರ ಸಭಾಂಗಣದ ತುಂಬ ತೂಗಿತು. ನಮ್ಮ ಜನ ಇದೂ ಹಾಡಿನ ಒಂದು ಚಂದವೆಂದುಕೊಂಡು ತಲೆಯಾಡಿಸಿದರು. ಆದರೆ ಆ ಮುದುಕಿ ಮುಂದಕ್ಕೆ ಬಾಗಿದಳು. ಅವಳಿಗೆ ಹಾಡು ಗೊತ್ತಲ್ಲ. ಹೊಳೆ ಯಾಕೆ ಮಾತಾಡುತ್ತಿಲ್ಲ ಎಂದು ಅವಳು ವೇದಿಕೆಯ ಮೇಲೆಲ್ಲ ಕಣ್ಣು ಹಾಯಿಸಿದಳು.

ಆಗ ನಮ್ಮ ಬೆನ್ನ ಹಿಂದಿನಿಂದ ಹಾಡು ಬಂತು.

ಪ್ರಣಮ್ಯಾ. ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ, ದೇವರಾಣೆಗೂ ಅಲ್ಲ. ಮೇಲಿನವರು ಗುಂಯ್‌ಗುಟ್ಟಿದರೆ ತಾನು ಹಾಡಬೇಕು ಎಂಬುದು ಅವಳಿಗೆ ಉಸಿರಿನಷ್ಟು ರೂಢಿಯಾಗಿತ್ತು, ಅಷ್ಟೇ. ಮೊದಲ ಸಾಲು ಅವಳೊಬ್ಬಳೇ ಹಾಡಿದಳು. ಎರಡನೆಯದಕ್ಕೆ ಉಳಿದ ಐವರೂ ಸೇರಿದರು. ಆ ದಪ್ಪ ದನಿ ಕುರ್ಚಿಗಳ ಅಡಿಯಿಂದ ಹರಿದ ಹಾಗೆ ಮುಂದಕ್ಕೆ ಹೋಯಿತು. ವೇದಿಕೆಯ ಮಕ್ಕಳು ಮುಖವರಳಿಸಿ, ಈಗ ಸರಿಯಾಯಿತು ಎಂಬಂತೆ ಗಟ್ಟಿಯಾಗಿ ಗುಂಯ್‌ಗುಟ್ಟಿದರು. ಜನರೆಲ್ಲ ತಿರುಗಿ ನೋಡಿದರು. ಜ್ಯೋತಿ ಮಾತ್ರ ತಿರುಗಲಿಲ್ಲ. ನನ್ನ ಮುಂಗೈ ಹಿಡಿದುಕೊಂಡಿದ್ದಳು, ಅವಳ ಉಗುರಿನ ಗುರುತು ಎರಡು ದಿನ ಹೋಗಲಿಲ್ಲ.

ಹಾಡು ಮುಗಿದಾಗ ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕರೆಸ್ಪಾಂಡೆಂಟರು ಒಂದು ಗಳಿಗೆ ಕಕ್ಕಾಬಿಕ್ಕಿಯಾದರು, ಒಂದೇ ಗಳಿಗೆ. ಆಮೇಲೆ ಮೈಕು ಹಿಡಿದು, ಇದು ನಮ್ಮ ಸರ್‌ಪ್ರೈಸ್ ಎಂದರು! ಬಾಗಿಲಿನಿಂದ ದನಿ ಬರಲಿ ಎಂದು ತಾವೇ ಯೋಚಿಸಿದ್ದಂತೆ. ಮತ್ತೊಮ್ಮೆ ಚಪ್ಪಾಳೆ. ಆ ಮನುಷ್ಯನ ಮುಖದಲ್ಲಿ ನಾಚಿಕೆಯ ಒಂದು ಎಳೆಯೂ ಇರಲಿಲ್ಲ. ಕೊನೆಗೆ ಎಲ್ಲ ಒಳ್ಳೆಯದೇ ಆಯಿತೆಂದು ನಮ್ಮವರು ಹೇಳುವುದು ಈ ಚಪ್ಪಾಳೆಯನ್ನು ನೆನೆಸಿಕೊಂಡು.

ಅತಿಥಿಗಳು ಟಿಫಿನ್ನಿಗೆ ಹೊರಟ ಮೇಲೆ ಅವರು ನಗುತ್ತ ನಮ್ಮ ಹತ್ತಿರ ಬಂದರು. ‘ಸೂಪರ್ ಮೇಡಂ! ಅಡುತ್ತ ವರುಷಮುಂ ಇಪ್ಪಡಿಯೇ ವಾಸಲ್ಲೆ ನಿಕ್ಕ ವೈಂಗ,’ ಎಂದರು. ಮುಂದಿನ ವರ್ಷವೂ ಹೀಗೇ ಬಾಗಿಲಲ್ಲೇ ನಿಲ್ಲಿಸಿ ಎಂದು.

ಜ್ಯೋತಿ ಎದ್ದು ನಿಂತಳು. ಹತ್ತು ವರ್ಷದಲ್ಲಿ ಅವಳ ದನಿ ಏರಿದ್ದನ್ನು ನಾನು ಕೇಳಿರಲಿಲ್ಲ. ‘ಅಡುತ್ತ ವರುಷಂ ವಾಸಲ್ಲೆ ನೀಂಗ ನಿಲ್ಲುಂಗ ಸಾರ್,’ ಎಂದಳು. ಮುಂದಿನ ವರ್ಷ ಬಾಗಿಲಲ್ಲಿ ನೀವು ನಿಲ್ಲಿ. ಅವರ ನಗು ಅಲ್ಲೇ ಒಣಗಿತು. ಸೋಮವಾರ ನೋಡೋಣ ಎಂದು ಮಾತ್ರ ಹೇಳಿ ಹೊರಟುಹೋದರು. ಸೋಮವಾರ ಏನಾಗುತ್ತದೆಂದು ನಮಗಿಬ್ಬರಿಗೂ ಗೊತ್ತಿತ್ತು, ಹಾಗೆಯೇ ಆಯಿತು.

ಜ್ಯೋತಿ ಬಾಗಿಲಿಗೆ ಹೋಗಿ ಪ್ರಣಮ್ಯಾಳ ಕೈಯಿಂದ ಪನ್ನೀರುದಾನಿ ಕಿತ್ತು ಕುರ್ಚಿಯ ಮೇಲೆ ಕುಕ್ಕಿದಳು. ಆರು ಮಂದಿಯನ್ನೂ ನಡುದಾರಿಯಲ್ಲಿ ನಡೆಸಿಕೊಂಡು ಹೋಗಿ ವೇದಿಕೆ ಹತ್ತಿಸಿದಳು. ಹೂಕುಂಡವನ್ನು ತಾನೇ ಎತ್ತಿ ಬದಿಗಿಟ್ಟಳು. ಹೊರಗೆ ವಡೆ ತಿನ್ನುತ್ತಿದ್ದ ಮೇಲುದನಿಯವರನ್ನು ನಾನು ಹೋಗಿ ಕೂಗಿದೆ, ಅವರು ಕೈ ಒರೆಸಿಕೊಂಡು ಓಡಿಬಂದರು. ಕುರ್ಚಿ ಜೋಡಿಸುವವರು ಕುರ್ಚಿ ಜೋಡಿಸುತ್ತಲೇ ಇದ್ದರು. ಎಲೆಕ್ಟ್ರಿಷಿಯನ್ ಅರ್ಧ ದೀಪ ಆರಿಸಿಬಿಟ್ಟಿದ್ದ. ವ್ಯಾನಿನವನು ಹಾರ್ನ್ ಹೊಡೆದ. ‘ಹೊಡೀಲಿ,’ ಎಂದಳು ಜ್ಯೋತಿ. ಪಿಯಾನೋ ಇರಲಿಲ್ಲ, ಲ್ಯಾಪ್‌ಟಾಪ್ ಆಗಲೇ ತೆಗೆದುಕೊಂಡು ಹೋಗಿದ್ದರು. ಅವಳು ಮೆಲ್ಲಗೆ ಸ್ವರ ಕೊಟ್ಟು ಕೈ ಎತ್ತಿದಳು.

ಮೋನಪ್ಪಣ್ಣ ಬಂದದ್ದು ಆಗ. ಮೊಮ್ಮಗಳು ಹಾಡುವುದಿಲ್ಲವಲ್ಲ ಎಂದು ಮಧ್ಯಾಹ್ನದ ಊಟದ ಗಿರಾಕಿಗಳನ್ನು ಮುಗಿಸಿಕೊಂಡು, ಅವಳನ್ನು ಮನೆಗೆ ಕರೆದುಕೊಂಡು ಹೋಗಲು ಬಂದಿದ್ದರು. ಬಾಗಿಲಲ್ಲಿ ನನ್ನ ಪಕ್ಕ ನಿಂತರು. ಹೆಗಲ ಮೇಲಿನ ಬೈರಾಸಿನಲ್ಲಿ ಮುಖ ಒರೆಸಿಕೊಂಡು ವೇದಿಕೆಯ ಕಡೆ ನೋಡಿದರು.

ಮೊದಲ ಚರಣ ಬೇರೆಯೇ ಹಾಡಾಗಿತ್ತು. ಆ ಊಂ ಆಂ ಅಡಿಯಲ್ಲಿ ಸೇರಿದಾಗ ಮೇಲಿನ ದನಿಗಳಿಗೆ ನೆಲ ಸಿಕ್ಕಿತ್ತು. ಎರಡನೆಯ ಚರಣದಲ್ಲಿ ಕುರ್ಚಿ ಜೋಡಿಸುವವರೂ ಕೈ ನಿಲ್ಲಿಸಿದರು. ಮೂರನೆಯದಕ್ಕೆ ಜ್ಯೋತಿ ಬಲಕ್ಕೆ ತಿರುಗಿ, ಆ ಆರು ಮಂದಿಯ ಕಡೆ ಎರಡೂ ಕೈ ಚಾಚಿದಳು. ಅವರು ಹಾಡಿದರು. ರೇಷ್ಮೆ ಲಂಗದ ಮೇಲೆ ಗಂಧದ ಕಲೆ, ಅರೆಬೆಳಕು, ಎದುರಿಗೆ ಖಾಲಿ ಸಭಾಂಗಣ. ಪ್ರಣಮ್ಯಾ ತಲೆ ಎತ್ತಿ ಹಾಡುತ್ತಿದ್ದಳು. ಆ ದನಿಯನ್ನು ಮೆಲ್ಲಗೆ ಮಾಡಿಕೋ ಎಂದು ಅವಳಿಗೆ ಇನ್ನು ಯಾರೂ ಹೇಳಲಾರರು ಎಂದು ನನಗೆ ಅನಿಸಿತು.

ಮೋನಪ್ಪಣ್ಣ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ಆಮೇಲೆ ನನ್ನ ಕಡೆ ನೋಡದೆಯೇ ಕೇಳಿದರು.

‘ಇದನ್ನಾ ಟೀಚರೇ ನಾನು ಬೇಡ ಅಂದದ್ದು?’

ಸಮಾಧಾನದ ಮಾತು ಹೇಳಬಹುದಿತ್ತು. ನಿಮಗೆ ಗೊತ್ತಿರಲಿಲ್ಲ, ಬಿಡಿ ಎನ್ನಬಹುದಿತ್ತು. ನನಗೆ ಮನಸ್ಸು ಬರಲಿಲ್ಲ.

‘ಹೌದು ಮೋನಪ್ಪಣ್ಣ, ಇದನ್ನೇ,’ ಎಂದೆ.